ಹ್ಞೂಂ ಎನ್ನದ ಮಣಿಗಾರ

ಗದಗ, 30 ಫೆಬ್ರವರಿ 2391

ಕಿವಿಮಣಿಯ ತಂತ್ರಾಂಶ ಬರೆಯುತ್ತಿರುವ ತಾಯಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದು ರಜೆ. ನಿಮಗಿಂತ ಶತಮಾನಗಳ ಮುಂದಿನಿಂದ ಬರೆಯುತ್ತಿದ್ದೇನೆ, ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ತಂತ್ರಾಂಶ ನಮ್ಮ ಕಾಲದಲ್ಲಿ ಕಡಲೆಕಾಳಿನಷ್ಟು ದಪ್ಪದ ಮಣಿಯೊಳಗೆ ಓಡುತ್ತದೆ. ಕಿವಿಗಿಟ್ಟರೆ ಕಿವುಡರಿಗೂ ಕೇಳಿಸುತ್ತದೆ. ನನ್ನ ತಂಗಿ ನೀಲವ್ವ ಹನ್ನೊಂದು ವರ್ಷ ಅದರಿಂದಲೇ ಕೇಳಿದಳು.

ನಿಮ್ಮ ಷರತ್ತು ನನಗೆ ಬಾಯಿಪಾಠ. ಯಾರು ಬೇಕಾದರೂ ಬಳಸಿ, ತಿದ್ದಿ; ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಅದರ ಮೂಲಬರಹವನ್ನೂ, ಅಂದರೆ ತಂತ್ರಾಂಶ ಬರೆದ ಸಾಲುಗಳನ್ನೂ ಕೊಡಿ. ನಮ್ಮೂರ ಮಣಿಗಾರ ಈರಪ್ಪ ತಿದ್ದಿದ, ಮಾರಿದ, ಮೂಲಬರಹ ಮಾತ್ರ ಮುಚ್ಚಿಟ್ಟ. ಕಳೆದ ವರ್ಷ ನೀಲವ್ವನ ಮಣಿ ಕರಕರ ಎನ್ನತೊಡಗಿತು. ಬೇರೆ ಮಣಿ ಅವಳ ಕಿವಿಗೆ ಒಗ್ಗದು, ಮೂಲಬರಹವಿಲ್ಲದೆ ರಿಪೇರಿಯೂ ಆಗದು. ಆಗವಳು ಬಸುರಿ. ಮಗುವಿನ ದನಿ ಕೇಳುವ ಮೊದಲೇ ಮಣಿ ನಿಂತರೆ ಎಂಬ ದಿಗಿಲು ಅವಳಿಗೆ. ನಾನು ಒಪ್ಪುಕಟ್ಟೆಗೆ ದೂರು ಕೊಟ್ಟೆ.

ಒಪ್ಪುಕಟ್ಟೆ ಎಂದರೆ ಕರಾರಿನ ನ್ಯಾಯಸ್ಥಾನ. ನೀವೆಲ್ಲ ಓದದೆಯೇ ಒಪ್ಪಿಗೆಯ ಗುಂಡಿ ಒತ್ತಿ ಮಾಡಿಕೊಂಡ ಫಜೀತಿ ಕಂಡು ನಮ್ಮ ಹಿರಿಯರು ಕಟ್ಟಳೆ ತಂದರು: ಇಬ್ಬರು ನೆರೆಯವರ ಮುಂದೆ ಬಾಯಿಬಿಟ್ಟು ಹ್ಞೂಂ ಎನ್ನದ ಕರಾರು ಕರಾರೇ ಅಲ್ಲ. ಮನೆ ಬಾಡಿಗೆಗೂ ಹ್ಞೂಂ, ಮದುವೆಗೂ ಹ್ಞೂಂ. ಈರಪ್ಪ ಅದನ್ನೇ ಹಿಡಿದು ಕೂತ.

“ನಾ ಯಾರ ಮುಂದೂ ಹ್ಞೂಂ ಅಂದಿಲ್ರೀ. ಆ ಷರತ್ತು ನನಗ ಹೆಂಗ ತಟ್ಟತೈತಿ?”

ನ್ಯಾಯಾಧೀಶೆ ಶಾವಂತ್ರಮ್ಮ ಸಾವಕಾಶ ಕೇಳಿದರು. “ಅಂದಿಲ್ಲ, ಖರೆ. ಮತ್ತ ಇನ್ನೊಬ್ಬರು ಬರದದ್ದನ್ನ ತಿದ್ದಿ ಮಾರಾಕ ನಿನಗ ಪರವಾನಗಿ ಯಾರು ಕೊಟ್ರಪಾ?”

ಗೆದ್ದೆವು ಎಂದುಕೊಂಡೆ. ಸುಮ್ಮನೆ ಮಣಿ ಧರಿಸುವವರನ್ನು ಷರತ್ತು ಮುಟ್ಟುವುದಿಲ್ಲ. ಪ್ರತಿ ಹಂಚುವವನಿಗೆ ಮಾತ್ರ ಷರತ್ತೇ ಪರವಾನಗಿ, ಅದು ಬೇಡವೆಂದರೆ ಹಂಚುವ ಹಕ್ಕೂ ಇಲ್ಲ ಎಂದು ತೀರ್ಪಾಯಿತು. ಹ್ಞೂಂ ಎಂದು ಮೂಲಬರಹ ಕೊಡು, ಇಲ್ಲವೇ ಮಾರಾಟ ನಿಲ್ಲಿಸು ಎಂದರು. ಬಲವಂತವಾಗಿ ಹ್ಞೂಂ ಅನ್ನಿಸುವ ಅಧಿಕಾರ ಮಾತ್ರ ಕಟ್ಟೆಗಿಲ್ಲ. ಆ ಹಟಮಾರಿ ಅಂಗಡಿ ಮುಚ್ಚಿದ, ಮೂಲಬರಹವನ್ನೂ ಅಳಿಸಿಹಾಕಿದ. ತೀರ್ಪು ಸರಿಯಾಗಿಯೇ ಇತ್ತು, ಆದರೂ ನನಗೆ ಸಮಾಧಾನವಿಲ್ಲ.

ನೀವು ಷರತ್ತನ್ನು ಇನ್ನೂ ಪ್ರಕಟಿಸಿಲ್ಲ ಎಂದು ತಿಳಿದು ಬರೆಯುತ್ತಿದ್ದೇನೆ. ದಯವಿಟ್ಟು ಒಂದು ಸಾಲು ಸೇರಿಸಿ: ತಿದ್ದಿದ ಮೊದಲ ಪ್ರತಿ ಬೇರೆಯವರ ಕೈಗೆ ಹೋಗುವ ಮುಂಚೆಯೇ ಮೂಲಬರಹ ಊರ ಗ್ರಂಥಾಲಯ ಸೇರಿರಬೇಕು.

ಹೆರಿಗೆಗೆ ನಾಲ್ಕು ದಿನ ಇರುವಾಗ ಮಣಿ ಪೂರ್ತಿ ನಿಂತಿತು. ಹೆಣ್ಣು ಮಗು, ಆರೋಗ್ಯವಾಗಿದೆ. ಅದರ ದನಿ ಹೇಗಿದೆ ಎಂದು ನೀಲವ್ವ ದಿನವೂ ಪಾಟಿಯ ಮೇಲೆ ಬರೆದು ಕೇಳುತ್ತಾಳೆ. ಏನು ಬರೆಯಬೇಕೋ ನನಗೆ ತಿಳಿಯುವುದಿಲ್ಲ.

ಇಂತಿ,
ಹೊಂಬಳದ ಗುರುಬಾಯಿ