ಹೆಸರು ಹೇಳದೆ ತೆರೆಯದ ಪತ್ರ

ಸೊಲ್ಲಾಪುರ,
೨೧ ನವೆಂಬರ್ ೧೯೯೯, ರವಿವಾರ

ಸ್ನೇಹಲಳ ಅಪ್ಪನವರಿಗೆ ನಿಮ್ಮ ಮನೆಯವಳ ಶರಣು.

ಮೊದಲು ಆರೋಗ್ಯದ ಮಾತು. ಪುಣೆಯಲ್ಲಿ ಚಳಿ ಜೋರಾಗಿದೆಯೆಂದು ಟಿ.ವಿ.ಯಲ್ಲಿ ಹೇಳಿದರು. ನಿಮ್ಮ ಕೆಮ್ಮು ಹೇಗಿದೆ? ಸ್ವೆಟರು ಪೆಟ್ಟಿಗೆಯ ತಳದಲ್ಲಿದೆ, ಪಂಚೆಗಳ ಕೆಳಗೆ, ಹುಡುಕದೆಯೇ ಇಲ್ಲವೆನ್ನಬೇಡಿ. ಸೋಮೇಶ ನಿಮ್ಮ ಒಡಹುಟ್ಟಿದ ತಮ್ಮ, ಆದರೂ ಅವನ ಮನೆಯಲ್ಲಿ ನೀವು ಸಂಕೋಚಪಟ್ಟು ಎರಡೇ ಚಪಾತಿಗೆ ಕೈ ತೊಳೆಯುತ್ತೀರೆಂದು ನನಗೆ ಇಲ್ಲಿಂದಲೇ ಕಾಣುತ್ತದೆ. ಹೋದ ವಾರ ಕಳಿಸಿದ ಶೇಂಗಾ ಚಟ್ನಿ ಮುಟ್ಟಿತೇ? ಅದನ್ನು ಸೋಮೇಶನ ಹೆಂಡತಿ ಪೂರ್ವಾಳ ಕೈಗೆ ಕೊಟ್ಟು ನೀವು ಸುಮ್ಮನೆ ಕೂಡಬೇಡಿ, ನಿಮಗೂ ಒಂದು ಚಮಚ ಹಾಕಿಸಿಕೊಳ್ಳಿ. ನಾವಿಬ್ಬರೂ ಆರಾಮ ಇದ್ದೇವೆ. ಸ್ನೇಹಲ ಹತ್ತನೆಯ ಇಯತ್ತೆಯ ಪುಸ್ತಕ ಹರಡಿಕೊಂಡು ನನ್ನೆದುರಿಗೇ ಕೂತಿದ್ದಾಳೆ. ಈಗ ಬಗ್ಗಿ ನೋಡಿ, "ಅವ್ವಾ, ನಿನ್ನ ಅಕ್ಷರಾ ಎಲ್ಲಾ ದುಂಡಗs ಅದಾವ, ನನಗೊಂದೂ ತಿಳೀವಲ್ದು" ಎಂದಳು. ಮರಾಠಿ ಸಾಲೆಗೆ ಹಾಕಿದ್ದರಿಂದ ಇದೊಂದು ಅನುಕೂಲವಾಯಿತು. ಈ ಮನೆಯಲ್ಲಿ ಕನ್ನಡ ಪತ್ರಕ್ಕೆ ಬೀಗ ಬೇಕಿಲ್ಲ.

ಇ-ಮೇಲ್ ಇರುವಾಗ ಅಂಚೆಯ ಪತ್ರ ಯಾಕೆಂದು ಕೇಳುತ್ತೀರಿ. ಅದನ್ನೇ ಹೇಳಲು ಕೂತಿದ್ದೇನೆ, ಸಾವಕಾಶ ಓದಿ. ನೀವು ಹೋದಾಗಿನಿಂದ ನಾನೂ ಇಂಟರ್ನೆಟ್ಟಿನ ಸುದ್ದಿಯನ್ನೆಲ್ಲ ಬಿಡದೆ ಓದುತ್ತಿದ್ದೇನೆ. ಮಾರುವ ರೊಟ್ಟಿ ಕಟ್ಟಲು ತಂದ ಹಳೆಯ ಪೇಪರಿನಲ್ಲೂ ಅದೇ. ಯಾವುದೋ ದೇಶದಲ್ಲಿ ಜನ ಕಂಪ್ಯೂಟರಿನ ಮುಂದೆ ಕೂತೇ ಕಾಯಿಪಲ್ಯ ತರಿಸಿಕೊಳ್ಳುತ್ತಾರಂತೆ. ಬದನೆಕಾಯಿಯನ್ನು ಒತ್ತಿ ನೋಡದೆ, ತೊಟ್ಟು ತಿರುವಿ ನೋಡದೆ ಹೇಗೆ ಕೊಳ್ಳುತ್ತಾರೋ ನನಗಂತೂ ತಿಳಿಯದು. ಅವರಿಗೆ ಹುಳುಕು ಬಂದರೆ ಯಾರ ಮೇಲೆ ರೇಗುತ್ತಾರೆ? ಇನ್ನೊಂದು ಪೇಪರಿನಲ್ಲಿ, ಹೊಸ ವರ್ಷ ಹುಟ್ಟಿದ ಗಳಿಗೆಗೆ ಲೋಕದ ಕಂಪ್ಯೂಟರುಗಳಿಗೆಲ್ಲ ಇಸವಿ ಮರೆತುಹೋಗಿ ಹುಚ್ಚು ಹಿಡಿಯುತ್ತದೆ ಎಂದು ಬರೆದಿದ್ದಾರೆ. ಕರಜಗಿಯಲ್ಲಿ ನನ್ನ ಅವ್ವನಿಗೆ ಹುಟ್ಟಿದ ಇಸವಿಯೇ ಗೊತ್ತಿಲ್ಲ, ಆಕೆಗೆ ಯಾವ ಹುಚ್ಚೂ ಹಿಡಿದಿಲ್ಲ. ಸಿನೆಮಾವೂ ಮುಂದೆ ಟೆಲಿಫೋನಿನ ತಂತಿಯಲ್ಲಿ ಬರುತ್ತದೆಂದು ಓದಿದ ದಿನ ಮಾತ್ರ ಆ ಪೇಪರನ್ನು ಮಡಚಿ ಅತ್ತ ಇಟ್ಟೆ. ಕೇಬಲ್ಲು ಬಂದು ನಮ್ಮ ವಿಡಿಯೋ ಲೈಬ್ರರಿಯನ್ನು ತಿಂದಿತು, ಇನ್ನು ಆ ಕೇಬಲ್ಲನ್ನು ತಿನ್ನುವುದೊಂದು ಬರುತ್ತಿದೆಯಲ್ಲ. ಪಂಚಮಿಯ ಮರುದಿನ ನೀವು ಅಂಗಡಿಯ ಶಟರು ಎಳೆದು ಬಂದು, ಜೋಕಾಲಿಯ ಮೇಲೆ ಬೆನ್ನು ತಿರುಗಿಸಿ ಕೂತದ್ದು ಕಣ್ಣ ಮುಂದೆ ಬಂತು. ಅಂದು ನಾನು ಚಹಾ ಇಟ್ಟು ಹೋದೆ, ಮಾತಾಡಿಸಲಿಲ್ಲ. ಮಾತಾಡಿಸಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದೆವು.

ನೀವು ಪುಣೆಗೆ ಹೊರಟಾಗ ನನಗೆ ನಿಜವಾಗಿ ಅಭಿಮಾನವೆನಿಸಿತ್ತು. ಕಿವಿಯ ಮೇಲೆ ಬಿಳಿಕೂದಲು ಮೂಡಿದ ಮನುಷ್ಯ ಪಾಟಿಚೀಲ ಹಾಕಿಕೊಂಡವರಂತೆ ಕಂಪ್ಯೂಟರ್ ಕ್ಲಾಸಿಗೆ ಹೊರಡುವುದೆಂದರೆ ಸಣ್ಣ ಮಾತಲ್ಲ. ಪರೀಕ್ಷೆ ಮುಗಿಸಿ ಬಂದು, ಕ್ಯಾಸೆಟ್ಟು ಇಟ್ಟ ಕಪಾಟುಗಳನ್ನು ತೆಗೆದು, ನಮ್ಮ ಅಂಗಡಿಯಲ್ಲೂ ಇಂಟರ್ನೆಟ್ಟು ಇಡೋಣ ಎಂದಿದ್ದಿರಿ. ದೀಪಾವಳಿಗೆ ಬರುತ್ತೀರೆಂದು ಕಾದೆವು. ಬರಲಿಲ್ಲ. ಪಾಡ್ಯದ ದಿನ ಆರತಿಯ ತಟ್ಟೆ ಸಿದ್ಧ ಮಾಡಿ, ನಿಮ್ಮನ್ನು ಕೂರಿಸಲು ಹಾಕಿದ ಮಣೆಯನ್ನು ಖಾಲಿಯೇ ಎತ್ತಿಟ್ಟೆ. ಅಂದೇ ಸಂಜೆ ಪಕ್ಕದ ಸುಗಲಾಬಾಯಿಯವರ ಮನೆಗೆ ನಿಮ್ಮ ಫೋನು ಬಂತು. ಗಡಿಬಿಡಿಯಲ್ಲಿ ನೀವು ಹೇಳಿದ್ದಿಷ್ಟೇ: "ಎಲ್ಲಾ ಇ-ಮೇಲ್‌ನ್ಯಾಗ ಬರದೀನಿ. ನವಿ ಪೇಠದಾಗ ರೋಹನನ ಅಂಗಡಿಗಿ ಹೋಗು. ನನ್ನ ಹೆಸರು ಹೇಳು, ನನ್ನ ಟಪಾಲ ಪೆಟ್ಟಿಗಿ ಸಿಗತದ. ಪಾಸವರ್ಡ ಕೇಳತಾನ, ಅದು ನಿನ್ನ ಹೆಸರs." ಆಗಲೂ ಆ ಹೆಸರು ನಿಮ್ಮ ಬಾಯಿಂದ ಬರಲಿಲ್ಲ, ನಾನು ಗಮನಿಸಿದೆ.

ಕೂಡಲೇ ಹೋಗುವ ಧೈರ್ಯವಾಗಲಿಲ್ಲ. ಎರಡು ದಿನ ಬಿಟ್ಟು ಸ್ನೇಹಲ ಸಾಲೆಗೆ ಹೋದ ಮೇಲೆ ಒಬ್ಬಳೇ ಹೋದೆ. ಅಂಗಡಿಯ ಅರ್ಧ ಭಾಗದಲ್ಲಿ ಝೆರಾಕ್ಸು, ಇನ್ನರ್ಧದಲ್ಲಿ ಇಂಟರ್ನೆಟ್ಟು. ಝೆರಾಕ್ಸಿಗೆ ನಿಂತ ನಾಲ್ಕೈದು ಜನರಲ್ಲಿ ಸುಗಲಾಬಾಯಿಯೂ ಇದ್ದರು. ರೋಹನ ಒಳ್ಳೆಯವನು, ಸ್ಟೂಲು ಒರೆಸಿ ಕೊಟ್ಟ. ಯಂತ್ರವು ಗಂಟಲಲ್ಲಿ ಮುಳ್ಳು ಸಿಕ್ಕ ಬೆಕ್ಕಿನಂತೆ ಕಿರ್‌ಗುಟ್ಟಿ ಸುಮ್ಮನಾದ ಮೇಲೆ, "ನಾವ ಸಾಂಗಾ, ಕಾಕೂ" ಎಂದು ಹೆಸರು ಕೇಳಿದ. ನಾನು ಸುಗಲಾಬಾಯಿಯ ಕಡೆ ನೋಡಿದೆ. ಮತ್ತೆ ಕೇಳಿದ. ಮನೆಯವರದು ಎಂದೆ. ಮನೆಯವರ ಹೆಸರೇನು ಎಂದ. ಸ್ನೇಹಲಳ ಅಪ್ಪ ಎಂದೆ. ಪಾಪ, ಹುಡುಗ ಅದನ್ನೇ ಒತ್ತಿ ನೋಡಿ, ಇಂಥವರು ಯಾರೂ ಇಲ್ಲ ಎಂದ! ಮದುವೆಯಾದಾಗಿನಿಂದ ನಿಮ್ಮ ಹೆಸರು ನನ್ನ ಬಾಯಲ್ಲಿ ಬಂದದ್ದು ಒಡಪಿನ ಪದ್ಯದಲ್ಲಿ ಮಾತ್ರ, ಅದೂ ಹತ್ತು ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ. ಇಲ್ಲಿಯೂ ಬಾಗಿಲಿಗೆ ಅಡ್ಡ ನಿಂತದ್ದು ಒಂದು ಯಂತ್ರ, ಅಷ್ಟೇ ತಾನೆ? ಸೆರಗು ಸರಿಮಾಡಿಕೊಂಡು ಹೇಳಿಯೇಬಿಟ್ಟೆ:

"ಕರಜಗಿ ಹೊಲದಾಗ ತೂಗತಾವ ಬಿಳಿಜೋಳದ ತೆನಿ,
…… ಅವರ ಪತ್ರ ತೆಗದ ಕೊಡ್ರಿ, ಮುಟ್ಟಬೇಕು ನಾ ಮನಿ!"

ಚುಕ್ಕೆಯಿಟ್ಟಲ್ಲಿ ನಿಮ್ಮ ಹೆಸರು ಹೇಳಿದೆ. ಝೆರಾಕ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಸುಗಲಾಬಾಯಿ, "ಇನ್ನೊಂದು ಆಗಲಿ!" ಎಂದು ಕೂಗಿದರು. ಬೆವರಿಹೋಗಿದ್ದೆ ನಾನು. ಆಮೇಲೆ ಪಾಸವರ್ಡು. ಸಾವಿತ್ರಿ ಎಂದೆ. ಅದನ್ನು ಇಂಗ್ಲಿಷಿನಲ್ಲಿ ಒತ್ತಿದ ಕೂಡಲೇ ಪೆಟ್ಟಿಗೆ ತೆರೆಯಿತು. ಕಾಕಾ ಅಲ್ಲಿ ಪೆಟ್ಟಿಗೆ ತೆರೆಯುವಾಗಲೂ ಪ್ರತಿ ಸಲ ಇದನ್ನೇ ಒತ್ತಬೇಕೆಂದು ರೋಹನ ವಿವರಿಸಿದ. ಪುಣೆಯಂಥ ಊರಿನಲ್ಲಿ, ಪರರ ಮಕ್ಕಳ ನಡುವೆ ಕೂತು, ನೀವು ದಿನವೂ ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತುತ್ತೀರಿ! ಮನೆಯಲ್ಲಿ "ಏ ಇವಳs", "ಸ್ನೇಹಲಳ ಅವ್ವಾ" ಬಿಟ್ಟು ಬೇರೆ ಕೇಳಿದವಳಲ್ಲ ನಾನು. ನನಗೆ ಎಷ್ಟು ಸಂತೋಷವಾಯಿತೆಂದರೆ, ಮುಂದೆ ಆಗುವುದರ ಕಡೆ ಲಕ್ಷ್ಯವೇ ಉಳಿಯಲಿಲ್ಲ.

ಆದದ್ದು ಹೀಗೆ. ನೀವು ಬರೆದದ್ದು ಕನ್ನಡ, ಅಕ್ಷರ ಮಾತ್ರ ಇಂಗ್ಲಿಷು. ನಾನು ಓದಲಾರೆ. ಕಾಗದದ ಮೇಲೆ ತೆಗೆದುಕೊಡಲು ಶಾಯಿ ಮುಗಿದಿತ್ತು. ನಾನು ಓದುತ್ತೇನೆ ಕಾಕೂ ಎಂದು ರೋಹನ ಶುರುಮಾಡಿದ. ಅವನಿಗೆ ಕನ್ನಡ ಒಂದಕ್ಷರ ತಿಳಿಯದು. ತಿಳಿಯದವನು ಓದಿದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆಂದು ನಾನೂ ಒಪ್ಪಿದೆ. ಅವನೋ ಸಾಲೆಯಲ್ಲಿ ಕವಿತೆ ಒಪ್ಪಿಸುವ ಹಾಗೆ ದೊಡ್ಡ ದನಿಯಲ್ಲಿ, ತಡೆತಡೆದು ಓದಿದ: "ನಾ ಪರೀಕ್ಷಾದಾಗ ನಪಾಸ ಆಗೀನಿ. ಕ್ಲಾಸಿನ ಹುಡುಗರು ನಗತಾರ. ಬಾಜೂಕ ಮದುವಿ ಕ್ಯಾಸೆಟ್ಟಿನಿಂದ ಸಿ.ಡಿ. ಮಾಡೋ ಅಂಗಡಿ ಅದ, ಕ್ಲಾಸ ಬಿಟ್ಟು ಅಲ್ಲೇ ಕೂತು ಆ ಕೆಲಸಾ ಕಲಿತು ಬಿಟ್ಟೆ, ಪಾಠ ಹತ್ತಲಿಲ್ಲ. ಯಾರಿಗೂ ಹೇಳಬ್ಯಾಡ. ಈ ಮಾರಿ ಹೊತ್ತು ನಮ್ಮ ಓಣಿಗಿ ಹ್ಯಾಂಗ ಬರಲಿ? ಇಲ್ಲೇ ಎಲ್ಲೆರೆ ನೌಕರಿ ಹಿಡೀತೀನಿ. ಅಲ್ಲೀ ತನಕ ಬರೂದಿಲ್ಲ." ಓದಿದವನಿಗೆ ತಿಳಿಯಲಿಲ್ಲ, ನಿಜ. ಆದರೆ ಝೆರಾಕ್ಸಿಗೆ ನಿಂತವರೆಲ್ಲ ನಮ್ಮ ಕನ್ನಡದವರೇ! ಸಾಕು ನಿಲ್ಲಿಸಪ್ಪಾ ಎನ್ನುವಷ್ಟರಲ್ಲಿ "ಯಾರಿಗೂ ಹೇಳಬ್ಯಾಡ" ಎಂಬುದು ಇಡೀ ಅಂಗಡಿಗೆ ಕೇಳಿಸಿತ್ತು. ಯಾರೂ ನಗಲಿಲ್ಲ. ಝೆರಾಕ್ಸಿನ ಯಂತ್ರವೊಂದು ಗುಂಯ್‌ಗುಟ್ಟುತ್ತಿತ್ತು. ನನಗೆ ನೆಲ ಬಿರಿಯಬಾರದೇ ಎನಿಸಿತು.

ಅದಕ್ಕೇ ಈ ಅಂಚೆಯ ಪತ್ರ. ಇದಕ್ಕೆ ಅಂಟು ಇದೆ, ಅದಕ್ಕೆ ಇಲ್ಲ. ಇಂಟರ್ನೆಟ್ಟಿನ ಬಗ್ಗೆ ನನ್ನ ಅಭಿಪ್ರಾಯ ಸದ್ಯಕ್ಕೆ ಇಷ್ಟೇ. ನನಗೆ ನಿಮ್ಮ ಮೇಲೆ ಸಿಟ್ಟು ಬಂದದ್ದೂ ಹೌದು, ಮುಚ್ಚಿಡುವುದಿಲ್ಲ. ನಪಾಸಾದರೆ ಆಗಲಿ ಬಿಡಿ. ನಿಮ್ಮ ಮೋರೆ ನಮಗೆ ಬೇಕೋ ಬೇಡವೋ ಎಂದು ನನ್ನನ್ನೂ ಸ್ನೇಹಲಳನ್ನೂ ಕೇಳದೆ ಹೇಗೆ ತೀರ್ಮಾನ ಮಾಡಿದಿರಿ? ಅಂಗಡಿಯಿಂದ ಹೊರಗೆ ಬರುವಾಗ ಸುಗಲಾಬಾಯಿ ನನ್ನ ರಟ್ಟೆ ಹಿಡಿದುಕೊಂಡು ಕೇಳಿದ್ದೂ ಅದನ್ನೇ: "ನಪಾಸ ಆದವರು ಮನಿಗಿ ಬರಬಾರದು ಅಂತ ಯಾವ ಸಾಲ್ಯಾಗ ಕಲಿಸ್ತಾರವಾ?" ಆಗ ನನಗೆ ಅಳು ಬಂತು. ನಡುಬೀದಿಯಲ್ಲಿ, ಬಟ್ಟೆ ಅಂಗಡಿಗಳ ಮುಂದೆ ನಿಂತು ಅತ್ತೆ.

ಮರುದಿನ ಅವರು ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಮನೆಗೆ ಬಂದರು. ಅವರ ಮಗಳ ಮದುವೆಯ ಕ್ಯಾಸೆಟ್ಟು. ತೀರಿಹೋದ ಅವರ ಯಜಮಾನರು ಓಡಾಡುವುದು, ಬೀಗರಿಗೆ ಹೋಳಿಗೆ ಬಡಿಸುವುದು, ನಗುವುದು ಎಲ್ಲ ಇರುವುದು ಅದೊಂದರಲ್ಲೇ. ಟೇಪಿಗೆ ಬಿಳಿ ಬೂಸಲು ಹತ್ತಿದೆ. ಯಜಮಾನರು ಬರುವ ಹೊತ್ತಿಗೆ ಸರಿಯಾಗಿ ಚಿತ್ರ ಕುಣಿದು ಹರಿದುಹೋಗುತ್ತದೆ. "ನಿಮ್ಮ ಮನಿಯವರು ಕ್ಯಾಸೆಟ್ಟ ಬಿಚ್ಚಿ ಒರಸತಿದ್ರಲ್ಲಾ, ಅವರ ಕೈಯಾಗs ಕೊಡಾಕಿ ನಾ. ಆಮ್ಯಾಲ ಅದೇನೋ ಸಿ.ಡಿ. ಮಾಡತಾರಂತಲ್ಲ, ಅದೂ ಆಗಲಿ" ಎಂದರು. ಗುಟ್ಟೆಂದು ನೀವು ಬರೆದದ್ದರಲ್ಲಿ ಅವರು ಹಿಡಿದುಕೊಂಡದ್ದು ಆ ಒಂದು ಮಾತು! ಊರ ಬಾಯಿಗೆ ಮುಚ್ಚಳವಿಲ್ಲ ಎನ್ನುತ್ತಾರೆ, ಈ ಸಲ ಇಲ್ಲದ್ದೇ ಒಳ್ಳೆಯದಾಯಿತು. ಸುಗಲಾಬಾಯಿಯ ಬಾಯಿಗೆ ತಂತಿಯೂ ಬೇಡ, ಪಾಸವರ್ಡೂ ಬೇಡ. ಓಣಿಯ ಜನ ಒಬ್ಬೊಬ್ಬರೇ ಕ್ಯಾಸೆಟ್ಟು ತರತೊಡಗಿದರು. ನಿನ್ನೆ ಅಕ್ಕಲಕೋಟೆಯಿಂದ ಶಿವಶರಣಪ್ಪನವರೆಂಬ ಕಿರಾಣಿ ವ್ಯಾಪಾರಿಗಳು ಎಸ್.ಟಿ. ಬಸ್ಸು ಹತ್ತಿ ಬಂದಿದ್ದರು, ತಮ್ಮ ತಂಗಿಯ ಮದುವೆಯದನ್ನು ಧೋತರದಲ್ಲಿ ಸುತ್ತಿಕೊಂಡು. ಮನೆಯಲ್ಲಿ ಜಾಗ ಸಾಲದೆ ಶಟರು ಎತ್ತಿಸಿ ಅಂಗಡಿಯ ಕಸ ಹೊಡೆದೆ. ನೀವು ತೆಗೆಯಬೇಕೆಂದಿದ್ದ ಕಪಾಟುಗಳಲ್ಲೇ ಎಲ್ಲವನ್ನೂ ಒಪ್ಪವಾಗಿ ಜೋಡಿಸಿದ್ದೇನೆ. ಸ್ನೇಹಲ ಪ್ರತಿಯೊಂದರ ಮೇಲೂ ಮರಾಠಿಯಲ್ಲಿ ಚೀಟಿ ಅಂಟಿಸಿದ್ದಾಳೆ. ಅಪ್ಪ ನಪಾಸಾದದ್ದು ಅವಳಿಗೂ ಗೊತ್ತಾಯಿತು. "ಹಂಗಾರ ನನಗ ಗಣಿತದಾಗ ಕಡಿಮಿ ಬಂದ್ರ ಪಪ್ಪಾ ಬೈಯಾಂಗಿಲ್ಲ" ಎಂದು ನಕ್ಕಳು, ಆಮೇಲೆ ಒಳಗೆ ಹೋಗಿ ನಿಮ್ಮ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿಟ್ಟಳು.

ಬನ್ನಿ ಎಂದು ನಾನು ಜುಲುಮೆ ಮಾಡುವುದಿಲ್ಲ. ಅಲ್ಲಿ ನೌಕರಿ ಹಿಡಿಯುವ ಮನಸ್ಸಿದ್ದರೆ ಹಿಡಿಯಿರಿ, ನಾನು ರೊಟ್ಟಿ ಬಡಿದು ಮನೆ ನಡೆಸಬಲ್ಲೆ. ಟೇಪು ಒರೆಸುವ ಆ ಮೆತ್ತನೆಯ ಬಟ್ಟೆ ಎಲ್ಲಿಟ್ಟಿದ್ದೀರೆಂದು ಮಾತ್ರ ತಿಳಿಸಿ. ಸೋಮೇಶನಿಗೂ ಪೂರ್ವಾಳಿಗೂ ನನ್ನ ಆಶೀರ್ವಾದ ಹೇಳಿ. ಸಿದ್ಧರಾಮೇಶ್ವರ ನಿಮ್ಮನ್ನು ಸುಖವಾಗಿಡಲಿ. ರಾತ್ರಿ ತಲೆಗೆ ಮಫ್ಲರು ಸುತ್ತಿಕೊಳ್ಳದೆ ಮಲಗಬೇಡಿ.

ನಿಮ್ಮ ದಾರಿ ನೋಡುವ
ಸೌ. ಸಾವಿತ್ರಿಬಾಯಿ

ತಾ. ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಪೇಂಟರ್ ಕಲ್ಲಣ್ಣ ಬಂದ. ನಮ್ಮ ಲೈಬ್ರರಿಯ ಹಳೆಯ ಬೋರ್ಡಿಗೆ ನಾನೇ ಬಣ್ಣ ಹೊಡೆಸಲು ಕೊಟ್ಟಿದ್ದೆ. "ವೈನಿ, ಬೋರ್ಡ ಬೆಳ್ಳಗ ಮಾಡೀನಿ. ಅಂಗಡಿಗಿ ಹೆಸರೇನು ಬರೀಲಿ?" ಎಂದ. ಒಡಪು ನೆನಪಾಗಲಿಲ್ಲ, ನೆನಪು ಮಾಡಿಕೊಳ್ಳಲೂ ಇಲ್ಲ. ನಿಮ್ಮ ಹೆಸರನ್ನು ಓಣಿಗೆಲ್ಲ ಕೇಳುವಂತೆ ಹೇಳಿದೆ. ಒಮ್ಮೆ ಹೇಳಿದ ಮೇಲೆ ಬರೆಯಲು ಎಂಥ ಅಂಜಿಕೆ? ಮೇಲೆ ಜುಲುಮೆ ಮಾಡುವುದಿಲ್ಲ ಎಂದು ಬರೆದೆನಲ್ಲ, ಅದನ್ನು ಹೊಡೆದುಹಾಕಿ ಓದಿ. ಕಲ್ಯಾಣಪ್ಪನವರೇ, ಮನೆಗೆ ಬನ್ನಿ. ಬಾಗಿಲು ಮುಂದಕ್ಕೆ ಹಾಕಿರುತ್ತೇನೆ. ಹೊರಗೆ ನಿಂತು ಪಾಸವರ್ಡು ಹೇಳಿ, ತೆರೆಯುತ್ತೇನೆ.