ಸೂಜಿ ಮುಟ್ಟಬಾರದಿತ್ತು

ಫೆಬ್ರವರಿ 3, ಬೆಳಗ್ಗೆ

ಹದಿನೆಂಟನೇ ಫ್ರಾಕಿನ ತೋಳು ಅರ್ಧಕ್ಕೆ ನಿಂತಿದೆ. ಮೆಷಿನ್ ಕೈಕೊಟ್ಟಿತು. ರಿಪೇರಿಯವನು ನೋಡಿ, 'ಇದಕ್ಕೆ ಕೈ ಮುಗಿದ್ಬಿಡಿ ಮೇಡಂ' ಅಂದ. ಶಾಲೆಯ ನಾಟಕಕ್ಕೆ ನಲವತ್ತು ಫ್ರಾಕು, ಹದಿನೈದನೇ ತಾರೀಖಿನೊಳಗೆ. ಕೊಡದಿದ್ದರೆ ಮುಂದಿನ ವರ್ಷದ ಯೂನಿಫಾರಂ ಆರ್ಡರೂ ಎದುರಂಗಡಿಗೆ. ಕೈಯಲ್ಲಿರುವುದು ಆರು ಸಾವಿರ. ಹೊಸದರ ಮಾತೇ ಇಲ್ಲ.

ಮಾರ್ಕೆಟ್ ಹಿಂದಿನ ಬೀದಿಯಲ್ಲಿ ಟೈಲರ್ ಮಾಸ್ಟರೊಬ್ಬರು ಅಂಗಡಿ ಮುಚ್ಚಿ ಮನೆಯಲ್ಲೇ ಮೆಷಿನ್ ಮಾರುತ್ತಿದ್ದಾರಂತೆ. ಎಂಟು ಸಾವಿರವಂತೆ. ಅಕ್ಕನಿಗೆ ಫೋನ್ ಮಾಡಿದೆ. ಚೌಕಾಸಿ ಎಂದರೆ ಅವಳಿಗೆ ತವರಿಗೆ ಹೋದಷ್ಟು ಖುಷಿ.

'ನೀನು ಬಾಯಿ ಬಿಡ್ಬೇಡ' ಅಂದಳು. 'ಚೆನ್ನಾಗಿದೆ ಅನ್ಬೇಡ. ಬೇಕು ಅಂತ ಮುಖದಲ್ಲಿ ಕಾಣ್ಬಾರ್ದು. ನಾನು ಎದ್ರೆ ನೀನೂ ಎದ್ದುಬಿಡು. ಗೇಟಿನ ಹತ್ರ ಅವರೇ ಕರೀತಾರೆ.'

ಫೆಬ್ರವರಿ 3, ಸಂಜೆ

ಕೆಟ್ಟೆ.

ಅಕ್ಕ ಶುರುಮಾಡಿದ್ದು ಚೆನ್ನಾಗಿಯೇ. ಬಣ್ಣ ಹೋಗಿದೆ, ಪೆಡಲ್ ಕಿರುಗುಟ್ಟುತ್ತದೆ... ಮಾಸ್ಟರು ಚಹಾ ಕುಡಿಯುತ್ತಾ ಕೇಳಿಸಿಕೊಂಡರು. ಬಟ್ಟೆ ತುಂಡಿಟ್ಟು ಹೊಲಿದು ತೋರಿಸಿದರು. ನಾಲ್ಕು ಹೊಲಿಗೆಯಲ್ಲಿ ಎರಡು ತಪ್ಪುತ್ತಿತ್ತು.

'ನೋಡಿ ಮಾಸ್ಟ್ರೇ, ಹೊಲಿಯೋಕೇ ಬರಲ್ಲ. ನಾಲ್ಕು ಸಾವಿರವೇ ಜಾಸ್ತಿ' ಅಂದಳು ಅಕ್ಕ.

ನಾನು ಬಾಯಿ ಬಿಡಲಿಲ್ಲ, ನಿಜ. ಆದರೆ ಕೈ ಸುಮ್ಮನಿರಬೇಕಲ್ಲ... ಸೂಜಿ ತಿರುಗುಮುರುಗಾಗಿತ್ತು. ಬಿಚ್ಚಿ ಸರಿಯಾಗಿ ಹಾಕಿದೆ. ದಾರದ ಬಿಗಿ ಸ್ವಲ್ಪ ಸಡಿಲಿಸಿದೆ. ಒಂದು ಗೇಣು ಹೊಲಿದೆ. ಇರುವೆ ಸಾಲಿನ ಹಾಗೆ ಬಂತು.

'ಈಗ ಒಂಬತ್ತು' ಅಂದರು ಮಾಸ್ಟರು.

ಅಕ್ಕ ಎದ್ದಳು. ನಾನೂ ಎದ್ದೆ. ಗೇಟು ಬಂತು. ಯಾರೂ ಕರೆಯಲಿಲ್ಲ. ಅಕ್ಕ ಬಗ್ಗಿ ಚಪ್ಪಲಿ ಸರಿಮಾಡಿಕೊಂಡಳು, ಎರಡು ಸಲ. ಆಗಲೂ ಇಲ್ಲ. 'ಅವರ ಸಾಮಾನು ರಿಪೇರಿ ಮಾಡ್ಕೊಟ್ಟು ಬಂದ್ಯಲ್ಲೇ, ಕೂಲಿನಾದ್ರೂ ಕೇಳ್ಬೇಕಿತ್ತು' — ದಾರಿಯುದ್ದಕ್ಕೂ ಇದೇ ಮಂತ್ರ.

ಫೆಬ್ರವರಿ 6

ಎರಡು ದಿನ ಕೈಹೊಲಿಗೆ. ಬೆರಳೆಲ್ಲ ತೂತು. ಮುಗಿದದ್ದು ಮೂರೇ ಫ್ರಾಕು. ಹೀಗಾದರೆ ಆರ್ಡರ್ ಹೋದ ಹಾಗೆಯೇ. 'ನಾವಾಗಿ ಹೋದ್ರೆ ಸೋತ ಹಾಗೆ ಕಣೇ' ಅನ್ನುತ್ತಾಳೆ ಅಕ್ಕ. ಸೋಲು ಅವಳದು, ಬೆರಳು ನನ್ನದು. ಅವಳಿಗೆ ಹೇಳದೆ ಮಾಸ್ಟರ ಮನೆಗೆ ಹೋದೆ.

'ಮೆಷಿನ್ ನನಗೆ ಬೇಕೇ ಬೇಕು ಮಾಸ್ಟ್ರೇ. ಇರೋದು ಆರು ಸಾವಿರ' ಅಂದುಬಿಟ್ಟೆ.

ನಕ್ಕರು. 'ಸೂಜಿ ತಿರುಗಿಸಿ ಇಟ್ಟಿದ್ದು ನಾನೇ ಕಣಮ್ಮ. ಐದು ಜನ ಬಂದು ಹೋದ್ರು. ಎಲ್ರೂ ಬೆಲೆ ಕೇಳಿದ್ರು, ಸೂಜಿ ನೋಡಿದ್ದು ನೀನೊಬ್ಳೇ. ಆರೇ ಕೊಡು.'

'ಮತ್ತೆ ಆವತ್ತು ಒಂಬತ್ತು ಅಂದ್ರಿ?'

'ಅದು ನಿಮ್ಮಕ್ಕನಿಗೆ.'

ನಗು ಬಂತು. ಕಣ್ಣಲ್ಲಿ ನೀರೂ ಬಂತು. ಆಟೋದಲ್ಲಿ ಮೆಷಿನ್ನನ್ನು ತಬ್ಬಿಕೊಂಡೇ ಕೂತೆ.

ಫೆಬ್ರವರಿ 14

ನಲವತ್ತೂ ತಲುಪಿಸಿದೆ. ಯೂನಿಫಾರಂ ಆರ್ಡರ್ ನನಗೇ!

ಅಕ್ಕನಿಗೆ ಸತ್ಯ ಹೇಳಿಲ್ಲ. ಎರಡು ಸಲ ಎದ್ದು ಗೇಟಿನ ತನಕ ಹೋದೆ, ಅವರೇ ಕರೆದರು ಅಂದಿದ್ದೇನೆ. 'ಯಾರ ತಂಗಿ ಹೇಳಿ' ಅಂತ ಬೀದಿಗೆಲ್ಲ ಡಂಗುರ. ಈಗ ಅವಳ ಮನೆಗೆ ಹಳೇ ಬೀರು ಬೇಕಂತೆ. ಚೌಕಾಸಿ ನನ್ನದಂತೆ, ಅವಳು ಬಾಯಿ ಬಿಡುವುದಿಲ್ಲವಂತೆ. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಅವಳು ನೋಡಿಟ್ಟಿರುವ ಬೀರುವಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಅದನ್ನೇ ಹಿಡಿದು ಬೆಲೆ ಇಳಿಸಬೇಕಂತೆ.

ಮುಚ್ಚದಿದ್ದರೆ ಮುಚ್ಚದಿರಲಿ. ಮುಟ್ಟಬಾರದು. ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಬ್ಯಾಗಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಇದೆ, ಅದನ್ನು ಇಲ್ಲೇ ತೆಗೆದಿಟ್ಟು—