ಅತ್ತೆ ಕೊಟ್ಟ ಕೊಬ್ಬಿನ ಡಬ್ಬಿ

ಸಾಲ್ಟ್ ಲೇಕ್ ಕಣಿವೆ
ಆಗಸ್ಟ್ 1858

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಕಾಗದ ಡೆನ್ಮಾರ್ಕಿನಿಂದ ಬಂದು ಸೇರಿತು. ಎರಡು ವಿಷಯ ಕೇಳಿದ್ದೀರಿ. ನಿಮ್ಮ ಮಗನ ಸಮಾಧಿಯ ಮೇಲೆ ಹೆಸರು ಕೆತ್ತಿಸಿದೆಯಾ, ನೀವು ಕೊಟ್ಟ ಹೆಬ್ಬಾತಿನ ಕೊಬ್ಬು ನನ್ನ ಕಾಲಿನ ಬಿರುಕಿಗೆ ಹಿಡಿಸಿತಾ ಎಂದು.

ಹೆಸರು ಕೆತ್ತಿಸಿಲ್ಲ. ಸೀಯೋನೆಂಬ ಪುಣ್ಯಭೂಮಿಗೆಂದು ಹೊರಟ ನಮ್ಮ ಮಾರ್ಮನ್ ಪಂಥದ ತಂಡದವರು ಸತ್ತವರನ್ನು ದಾರಿಯ ನಡುವೆಯೇ ಹೂಳುತ್ತಿದ್ದರು. ತೋಳಗಳು ಕೆದಕದಿರಲೆಂದು ಎಲ್ಲರೂ ತಮ್ಮ ಕೈಗಾಡಿಗಳನ್ನು ಹೂತ ಜಾಗದ ಮೇಲೇ ಎಳೆದುಕೊಂಡು ಹೋಗುತ್ತಿದ್ದೆವು. ಮಣ್ಣು ಗಟ್ಟಿಯಾಗಿ ಗುರುತೇ ಉಳಿಯುತ್ತಿರಲಿಲ್ಲ. ನೀವೇ ಬಂದರೂ ಜಾಗ ತೋರಿಸಲು ನನ್ನಿಂದಾಗದು.

ನಮ್ಮ ಗಾಡಿಯ ಅಚ್ಚು ಇಡೀ ತಂಡಕ್ಕೆ ಕೇಳುವಂತೆ ಕಿರುಗುಟ್ಟುತ್ತಿತ್ತು. ಕೊಬ್ಬು ಸವರೋಣವೆಂದರೆ ಇವರು ಬಿಡಲಿಲ್ಲ. "ಅಮ್ಮ ನಿನ್ನ ಕಾಲಿಗೆ ಅಂತ ಕೊಟ್ಟಿದ್ದು ಕಣೇ, ಈ ದರಿದ್ರ ಗಾಡಿಗಲ್ಲ" ಎನ್ನುತ್ತಿದ್ದರು. ನಮ್ಮ ತಂಡದ ಮುದುಕ ಥೋಗರ್ಸನ್‌ರನ್ನು ಹೂತ ದಿನ, ಗಾಡಿ ಎಳೆಯುತ್ತಾ, "ನನ್ನ ಮೇಲೆ ಎಳೆಯೋವಾಗ ಮಾತ್ರ ಒಂಚೂರು ಸವರೇ ಮಾರಾಯ್ತಿ, ಈ ಸದ್ದಿಗೆ ಎದ್ದು ಕೂತುಬಿಟ್ಟೇನು" ಎಂದು ನಕ್ಕಿದ್ದರು. ಅದಾಗಿ ವಾರ ಕಳೆಯುವುದರೊಳಗೆ ಅವರನ್ನೇ ಜ್ವರ ಕೊಂಡೊಯ್ದಿತು.

ಕಾಲುಚೀಲ ಹೆಣೆದು ಕಳಿಸುವುದಾದರೆ ಇನ್ನು ನನ್ನ ಅಳತೆಯದನ್ನು ಮಾತ್ರ ಕಳಿಸಿ. ಅವರಿಗೆಂದು ಎತ್ತಿಟ್ಟ ಉಣ್ಣೆಯನ್ನು ನೀವೇ ಬಳಸಿಕೊಳ್ಳಿ. ಅಲ್ಲಿ ಚಳಿ ಜಾಸ್ತಿ.

ನೀವು ಕೊಟ್ಟ ಕೊಬ್ಬು ನನ್ನ ಕಾಲಿಗೆ ಸೇರಲಿಲ್ಲ ಅತ್ತೆ. ಇವರನ್ನು ಹೂತ ಬೆಳಿಗ್ಗೆ ಡಬ್ಬಿಯ ತಳ ಬಳಿದು ಎಲ್ಲವನ್ನೂ ಅಚ್ಚಿಗೆ ಸವರಿದೆ. ನಮ್ಮ ಗಾಡಿಯನ್ನೇ ಎಲ್ಲರಿಗಿಂತ ಮೊದಲು ಎಳೆದೆ.

ಸದ್ದಾಗಲಿಲ್ಲ.

ನಿಮ್ಮ ಸೊಸೆ,
ಸಿಸೆಲ್